ಮುಗಿದ ಕಥೆ, ಮುನಿದ ಓದುಗ

2013ನೆಯ ಇಸವಿ ಜನವರಿ 8ರಂದು ಅಮೆರಿಕದಲ್ಲಿ ‘ಎ ಮೆಮರಿ ಆಫ್ ಲೈಟ್’ ಎಂಬ ಗ್ರಂಥವೊಂದು ಹೊರಬಂದಿತು. ರಾಬರ್ಟ್ ಜೋರ್ಡನ್ನರ ‘ವೀಲ್ ಆಫ್ ಟೈಮ್’, ಎಂದರೆ ಕಾಲಚಕ್ರ, ಎಂಬ ಅದ್ಭುತಕಥಾಮಾಲೆಯ ಹದಿನಾಲ್ಕನೆಯ ಸಂಪುಟ ಅದು, ಕಡೆಯದೂ ಅದೇ. ಮೊದಲನೆಯ ಸಂಪುಟ ಬಂದದ್ದು 1990ರಲ್ಲಿ. ಹದಿನೈದನೆಯ ವಯಸ್ಸಿನಲ್ಲಿ ಅದನ್ನು ಕೈಗೆತ್ತಿಕೊಂಡ ಹುಡುಗ, ಕಡೆಯದನ್ನು ಓದಿ ಕೆಳಗಿಡುವಾಗ ಮೂವತ್ತೆಂಟು ವರ್ಷದ ಗೃಹಸ್ಥ. ಇಷ್ಟು ಕಾಲ ಒಂದು ಕಥೆಯೊಡನೆ ಬಾಳಿದವನು ಅದರ ಮುಕ್ತಾಯವನ್ನು ಕುರಿತು ಏನೆನ್ನುತ್ತಾನೆ, ಹಾಗೆನ್ನುವ ಅಧಿಕಾರ ಅವನಿಗೆಷ್ಟು ಎಂಬುದು ಸಾಹಿತ್ಯವನ್ನು ಓದುವ, ಓದಿಸುವ ನಮಗೂ ವಿಚಾರಯೋಗ್ಯವಾದ ಸಂಗತಿ. ಇಂಥ ಕಥೆಗಳೆಂದರೆ ಮೂಗು ಮುರಿಯುವವರು ನಮ್ಮಲ್ಲಿ ಇಲ್ಲದಿಲ್ಲ. ಮಂತ್ರ, ಮಾಯೆ, ಅಸುರಸೈನ್ಯ ಇವೆಲ್ಲ ಮಕ್ಕಳ ಪಾಲಿಗೆ ಸರಿ ಎಂದು ಅವರ ಎಣಿಕೆ. ಭಾರತ ರಾಮಾಯಣಗಳನ್ನು ಪಾಠ ಹೇಳಿ ಅನ್ನ ತಿನ್ನುವವರು ಆಡಬಾರದ ಮಾತು ಇದು.

ಜೋರ್ಡನ್ ವಿಯೆಟ್ನಾಂ ಯುದ್ಧದಲ್ಲಿ ಕಾದಿ ಬಂದವರು. ಕಥೆಯ ಕಟ್ಟಕಡೆಯ ದೃಶ್ಯ ತಮಗೆ ಮೊದಲಿನಿಂದಲೂ ಗೊತ್ತಿದೆಯೆಂದು ಅವರು ಹೇಳುತ್ತಿದ್ದರು; ಆದರೆ ಅಲ್ಲಿಗೆ ಹೋಗುವ ದಾರಿ ಸಂಪುಟದಿಂದ ಸಂಪುಟಕ್ಕೆ ಉದ್ದವಾಗುತ್ತಲೇ ಹೋಯಿತು. 2003ರಲ್ಲಿ ಹತ್ತನೆಯ ಸಂಪುಟ ಬಂದಾಗ, ನೂರಾರು ಪುಟ ಓದಿದರೂ ಕಥೆ ನಿಂತ ಕಾಲಿನಿಂದ ಕದಲಲಿಲ್ಲವೆಂದು ಓದುಗರು ಗೊಣಗಿದರು. ಮೂರು ವರ್ಷ ಕಳೆಯಿತು. 2006ರಲ್ಲಿ, ತಮಗೆ ಹೃದಯವನ್ನು ಬಾಧಿಸುವ ಅಪರೂಪದ ರೋಗವೊಂದು ತಗಲಿದೆಯೆಂದು ಜೋರ್ಡನ್ ತಾವಾಗಿಯೇ ಪ್ರಕಟಿಸಿದರು. 2007ರ ಸೆಪ್ಟೆಂಬರಿನಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡರು. ಆಗ ಹನ್ನೊಂದು ಸಂಪುಟಗಳು ಆಗಿದ್ದವು. ಕಡೆಯ ದೃಶ್ಯವನ್ನು ಅವರು ಬರೆದಿಟ್ಟಿದ್ದರು. ಉಳಿದುದರಲ್ಲಿ ಬಹುಭಾಗ ಟಿಪ್ಪಣಿಗಳಲ್ಲಿ ಮತ್ತು ಮನೆಯವರಿಗೆ ಹೇಳಿದ ಮಾತುಗಳಲ್ಲಿ ಇತ್ತು. ಅವರ ಕೃತಿಗಳ ಸಂಪಾದಕಿಯೂ ಆಗಿದ್ದ ಪತ್ನಿ ಹ್ಯಾರಿಯೆಟ್ ಮೆಕ್‌ಡೂಗಲ್, ಬ್ರಾಂಡನ್ ಸ್ಯಾಂಡರ್ಸನ್ ಎಂಬ ತರುಣ ಲೇಖಕರನ್ನು ಕರೆದು ಆ ಹೊರೆಯನ್ನು ಒಪ್ಪಿಸಿದರು. ಒಂದೇ ಎಂದು ಜೋರ್ಡನ್ ಎಣಿಸಿದ್ದ ಸಂಪುಟ ಮೂರಾಗಿ ಬೆಳೆದು, ಕಥೆ ಮುಗಿಯಿತು.

ಓದುಗರು ಅದನ್ನು ಹೇಗೆ ಬರಮಾಡಿಕೊಂಡರು? ಕಣ್ಣು ಮುಚ್ಚಿ ಹೊಗಳಿದರೆಂದು ಯಾರೂ ತಿಳಿಯಬಾರದು. ಹೊಸ ಲೇಖಕರ ಮೊದಲ ಸಂಪುಟದಲ್ಲಿಯೇ, ಮ್ಯಾಟ್ ಎಂಬ ವಿನೋದಶೀಲ ಪಾತ್ರದ ಮಾತಿನ ಧಾಟಿ ಕೆಟ್ಟಿದೆಯೆಂದು ಅವರು ಥಟ್ಟನೆ ಗುರುತಿಸಿದರು. ಸ್ಯಾಂಡರ್ಸನ್ನರೂ ಅದನ್ನು ಒಪ್ಪಿಕೊಂಡರು. ನಮ್ಮ ಪಂಡಿತರು ಹಸ್ತಪ್ರತಿಯನ್ನು ಮುಂದಿಟ್ಟುಕೊಂಡು ‘ಈ ಪದ್ಯ ಪ್ರಕ್ಷಿಪ್ತ’ ಎಂದು ಗೆರೆ ಎಳೆಯುತ್ತಾರಲ್ಲ, ಅದೇ ವಿದ್ಯೆಯನ್ನು ಪದವಿಯ ಹಂಗಿಲ್ಲದ ಓದುಗರು ಇಲ್ಲಿ ಮೆರೆದರು. ಮೊದಲ ಸಂಪುಟದಿಂದಲೂ ನೆರಳಿನಂತೆ ಹಿಂಬಾಲಿಸಿ ಬಂದ ಫೇನ್ ಎಂಬ ದುಷ್ಟನನ್ನು ಕೊನೆಯಲ್ಲಿ ಕೆಲವೇ ಸಾಲುಗಳಲ್ಲಿ ಮುಗಿಸಿಬಿಟ್ಟದ್ದು ಅನ್ಯಾಯವೆಂದರು. ಎಗ್ವೀನ್ ಎಂಬ ನಾಯಿಕೆಯ ಸಾವಿಗೆ ದುಃಖಿಸಿದರು, ಅದು ಸಹಜ. ಅದಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಬೇಲಾ ಎಂಬ ಬಡ ಹೆಣ್ಣುಕುದುರೆಗಾಗಿ ಅವರು ಪಟ್ಟ ಸಂಕಟ. ಮೊದಲ ಸಂಪುಟದಲ್ಲಿ ಬಂಡಿ ಎಳೆದುಕೊಂಡು ಕಥೆಯೊಳಕ್ಕೆ ಬರುವ ಆ ಪ್ರಾಣಿ, ಕಡೆಯ ಯುದ್ಧದಲ್ಲಿ ಬಾಣ ತಾಗಿ ಬೀಳುತ್ತದೆ. ರಾಜರಾಣಿಯರ ನಡುವೆ ಒಂದು ಬಂಡಿಕುದುರೆಯನ್ನು ಇಪ್ಪತ್ತಮೂರು ವರ್ಷ ಮರೆಯದೆ ಇದ್ದವರನ್ನು ‘ಹುಚ್ಚು ಅಭಿಮಾನಿಗಳು’ ಎಂದು ತಳ್ಳಿಹಾಕುವುದಕ್ಕೆ ನನಗೆ ಮನಸ್ಸು ಬಾರದು.

ಇಷ್ಟು ದೋಷಗಳನ್ನೆಣಿಸಿಯೂ ಬಹುಮಂದಿ ಆ ಮುಕ್ತಾಯವನ್ನು ಒಪ್ಪಿಕೊಂಡರು. ಕಾರಣ ಸ್ಪಷ್ಟವಾಗಿದೆ. ಕಥೆ ಮುಗಿಯದೆಯೇ ಹೋಗಬಹುದೆಂಬ ಭಯವನ್ನು ಅವರು ಉಂಡಿದ್ದರು. ಜೊತೆಗೆ, ಬೇರೆಯವರ ಕೈ ತಾಗಿದರೂ ಕೊನೆ ಮೂಲಕರ್ತೃವಿನದೇ ಎಂಬ ನಂಬಿಕೆ ಇತ್ತು. ಪರಹಸ್ತದಿಂದ ಪೂರ್ಣಗೊಂಡ ಕೃತಿಗಳು ನಮಗೆ ಹೊಸವಲ್ಲ. ಬಾಣನ ಕಾದಂಬರಿಯನ್ನು ಮುಗಿಸಿದವನು ಅವನ ಮಗ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿಗೊಳಿಸಿದ. ಆದರೆ ಗದುಗಿನ ಭಾರತವನ್ನು ಓದಿ ತಲೆದೂಗುವವರಲ್ಲಿ ಎಷ್ಟು ಮಂದಿ ತಿಮ್ಮಣ್ಣನ ಪುಟವನ್ನು ತೆರೆಯುತ್ತಾರೆ? ಕನ್ನಡದ ಓದುಗ ಮುನಿಯಲಿಲ್ಲ, ದೂರಲಿಲ್ಲ. ಸುಮ್ಮನೆ ಓದದೆ ಬಿಟ್ಟ. ಅದಕ್ಕಿಂತ ಕಠೋರವಾದ ವಿಮರ್ಶೆ ಇನ್ನೊಂದಿಲ್ಲ.

ಇದಕ್ಕೆ ತೀರ ವಿರುದ್ಧವಾದ ದೃಶ್ಯ 2019ರ ಮೇ ತಿಂಗಳಲ್ಲಿ ಕಂಡುಬಂತು. ಜಾರ್ಜ್ ಮಾರ್ಟಿನ್ನರ ಕಾದಂಬರಿಗಳನ್ನು ಆಧರಿಸಿದ ‘ಗೇಮ್ ಆಫ್ ಥ್ರೋನ್ಸ್’ ಎಂಬ ದೂರದರ್ಶನದ ಧಾರಾವಾಹಿ, ಮೂಲ ಕಾದಂಬರಿಗಳು ಇನ್ನೂ ಅರ್ಧದಾರಿಯಲ್ಲಿರುವಾಗಲೇ, ಎಂಟು ಆವೃತ್ತಿಗಳ ಬಳಿಕ ಮುಗಿಯಿತು. ಕಡೆಯ ಆವೃತ್ತಿಯನ್ನು ಸಮರ್ಥರಾದ ಲೇಖಕರಿಂದ ಮತ್ತೆ ಮಾಡಿಸಬೇಕೆಂದು ಮನವಿಯೊಂದು ಹೊರಟು, 15 ಲಕ್ಷಕ್ಕೂ ಮಿಕ್ಕಿ ಜನ ಅದಕ್ಕೆ ಸಹಿ ಹಾಕಿದರು! ಈ ಕೋಪದಲ್ಲಿ ನ್ಯಾಯವಾದ ಅಂಶ ಯಾವುದು, ಅಲ್ಲದ ಅಂಶ ಯಾವುದು ಎಂದು ಬಿಡಿಸಿ ನೋಡಬೇಕು.

ನಮ್ಮ ನಾಟ್ಯಶಾಸ್ತ್ರಕಾರರು ಐದು ಸಂಧಿಗಳನ್ನು ಹೇಳಿ, ಕಡೆಯದನ್ನು ನಿರ್ವಹಣವೆಂದು ಕರೆದರು. ಮುಖಸಂಧಿಯಿಂದ ಮೊದಲ್ಗೊಂಡು ಚೆದುರಿದ ಬೀಜಾರ್ಥಗಳೆಲ್ಲ ಅಲ್ಲಿ ಒಂದೇ ಫಲದಲ್ಲಿ ಬಂದು ಕೂಡಬೇಕು. ಅದ್ಭುತರಸವೂ ಅಲ್ಲಿ ಇರಬೇಕು. ಎಂದರೆ, ಮುಕ್ತಾಯವು ನಾವು ಎಣಿಸದುದಾಗಿರಬೇಕು, ಆದರೆ ಕಾರಣವಿಲ್ಲದುದಾಗಿರಬಾರದು. ಆ ಧಾರಾವಾಹಿಯ ಡೆನೆರಿಸ್ ಎಂಬ ರಾಣಿ, ಶರಣಾಗತಿಯ ಗಂಟೆ ಬಾರಿಸಿದ ನಗರವನ್ನು ತನ್ನ ಬೆಂಕಿಯುಗುಳುವ ಡ್ರ್ಯಾಗನ್ನಿನಿಂದ ಸುಟ್ಟು ಬೂದಿಮಾಡುತ್ತಾಳೆ. ಬೀಜವಿರಲಿಲ್ಲವೆಂದು ಹೇಳಲಾರೆ, ಹಿಂದೆಯೇ ಅವಳು ಪ್ರಭುಗಳನ್ನು ಸಾಲಾಗಿ ಶಿಲುಬೆಗೇರಿಸಿದ್ದಳು, ಸೋತ ಸೇನಾಪತಿಯನ್ನು ಮಗನೊಡನೆ ದಹಿಸಿದ್ದಳು. ಇಲ್ಲದೆ ಹೋದದ್ದು ಬೀಜ ಮೊಳೆಯುವುದಕ್ಕೆ ಬೇಕಾದ ಕಾಲ. ಮೊದಲ ಆರು ಆವೃತ್ತಿಗಳಲ್ಲಿ ಹತ್ತು ಹತ್ತು ಕಂತುಗಳಿದ್ದವು. ಏಳನೆಯದರಲ್ಲಿ ಏಳು, ಎಂಟನೆಯದರಲ್ಲಿ ಆರೇ ಆರು. ಅತ್ತ ಜೋರ್ಡನ್ನರ ಕಡೆಯ ಯುದ್ಧದ ಅಧ್ಯಾಯವೊಂದೇ ಒಂದು ಸಣ್ಣ ಕಾದಂಬರಿಯಷ್ಟು ದೀರ್ಘವಾಗಿದೆ. ಇತ್ತ ಪ್ರೇಕ್ಷಕ ಕಂಡದ್ದು ನಿರ್ವಹಣವನ್ನಲ್ಲ, ಗಂಟುಮೂಟೆ ಕಟ್ಟುವ ಗಡಿಬಿಡಿಯನ್ನು. ಹಾಗೆಂದು ಅವನು ದೂರಿದರೆ ಆ ದೂರು ಶುದ್ಧ ಸಾಹಿತ್ಯವಿಮರ್ಶೆ, ಅದನ್ನು ಆಲಿಸಲೇಬೇಕು.

ಆದರೆ ಮನವಿಪತ್ರವೆಂಬುದು ವಿಮರ್ಶೆಯಲ್ಲ, ಅಪ್ಪಣೆ. ಅಪ್ಪಣೆಗೆ ತಕ್ಕ ಮುಕ್ತಾಯ ಹೇಗಿರುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ, ಪಂಪನನ್ನು ನೋಡಿದರೆ ಸಾಕು. ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಂಡ ಕವಿ, ಧರ್ಮರಾಯನನ್ನು ಬದಿಗಿಟ್ಟು ಅರ್ಜುನನಿಗೇ ಪಟ್ಟ ಕಟ್ಟಿದ. ಪಕ್ಕದಲ್ಲಿ ಕೂರಿಸಿದ್ದು ಸುಭದ್ರೆಯನ್ನು. ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದವನೂ ಪಂಪನೇ. ಅವಳ ಬಿಚ್ಚಿದ ಮುಡಿಯ ಹಗೆಯನ್ನು ಇಡೀ ಕಾವ್ಯದುದ್ದಕ್ಕೂ ಉರಿಸಿದವನೂ ಅವನೇ. ಪಟ್ಟಾಭಿಷೇಕದ ಹೊತ್ತಿಗೆ ಅವಳು ಎಲ್ಲಿ? ನಾವು ಪಂಪನನ್ನು ಕ್ಷಮಿಸುತ್ತೇವೆ, ಅವನ ಕರ್ಣನಿಗಾಗಿ, ಅವನ ಬನವಾಸಿಗಾಗಿ. ಆದರೂ ತರಗತಿಯಲ್ಲಿ ಆ ಪಟ್ಟಾಭಿಷೇಕಕ್ಕೆ ಬಂದಾಗ ನನ್ನ ದನಿ ಪ್ರತಿವರ್ಷವೂ ತಗ್ಗುತ್ತದೆ. ಅಲ್ಲಿ ಒಡೆಯನಾಗಿದ್ದವನು ಒಬ್ಬ; ಇಲ್ಲಿ ಹದಿನೈದು ಲಕ್ಷ ಜನ, ಒಬ್ಬೊಬ್ಬರಿಗೂ ಒಬ್ಬೊಬ್ಬ ಅರ್ಜುನ.

ಮನವಿಗೆ ಯಾರೂ ಕಿವಿಗೊಡಲಿಲ್ಲ, ಒಳ್ಳೆಯದಾಯಿತು. ಕೆಟ್ಟ ಮುಕ್ತಾಯವೂ ಕರ್ತೃಗಳದೇ ಆಗಿ ಉಳಿದರೆ, ಅದರೊಡನೆ ಜಗಳವಾಡುವ ಹಕ್ಕಾದರೂ ನಮಗೆ ಉಳಿಯುತ್ತದೆ.

ಜೋರ್ಡನ್ ಸಾಯುವ ಮುನ್ನ ಬರೆದಿಟ್ಟ ಆ ಕಡೆಯ ದೃಶ್ಯದಲ್ಲಿ, ಲೋಕವನ್ನುಳಿಸಿದ ನಾಯಕ ರ್ಯಾಂಡ್ ಯಾರಿಗೂ ತಿಳಿಯದಂತೆ ಹೊರಟುಹೋಗುತ್ತಾನೆ. ಅವನ ಮಂತ್ರಶಕ್ತಿಯೆಲ್ಲ ಹೋಗಿದೆ. ಆದರೂ ಹೊಗೆಸೇದುವ ಕೊಳವೆ ಹೊತ್ತಿಕೊಂಡಿದೆಯೆಂದು ನೆನೆದ ಮಾತ್ರಕ್ಕೆ ಅದು ಹೊತ್ತಿಕೊಳ್ಳುತ್ತದೆ. ಹೇಗೆಂದು ಗ್ರಂಥದಲ್ಲಿ ಎಲ್ಲಿಯೂ ಹೇಳಿಲ್ಲ, ಹೇಳಬೇಕಾದವರು ಇಲ್ಲ. ಓದುಗರು ಮಾತ್ರ ಮೊದಲ ಸಂಪುಟದಿಂದ ಮತ್ತೆ ಓದುತ್ತ, ಆ ಕಿಡಿ ಎಲ್ಲಿಂದ ಬಂತೆಂದು ಹುಡುಕುತ್ತಲೇ ಇದ್ದಾರೆ.