ಜಾಲದ ಓಲೆಗೂ ಪಾಠಪರಿಷ್ಕರಣ

ಗ್ರಂಥಸಂಪಾದನೆಯು ತಾಳೆಗರಿಗಳೊಡನೆ ಮುಗಿದುಹೋದ ವಿದ್ಯೆಯೆಂದು ನಮ್ಮ ಎಂ.ಎ. ವಿದ್ಯಾರ್ಥಿಗಳು ಭಾವಿಸಿರುವಂತಿದೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು (1964) ಪರೀಕ್ಷೆಗಾಗಿ ಓದುತ್ತಾರೆ, ಕಿರುಪ್ರಬಂಧ ಬರೆಯಲು ಕುಳಿತೊಡನೆ ಅಂತರಜಾಲದಲ್ಲಿ ಕಂಡುದನ್ನು ಕಂಡಂತೆಯೇ ಎತ್ತಿಕೊಳ್ಳುತ್ತಾರೆ. ಲಿಪಿಕಾರನ ಸ್ಖಾಲಿತ್ಯವನ್ನು ಹುಡುಕಲು ಕಲಿತವರು ಯಂತ್ರದ ಸ್ಖಾಲಿತ್ಯವನ್ನು ನಂಬಿಬಿಡುವುದು ವಿಚಿತ್ರವೇ ಸರಿ.

ಹಳೆಯ ಅಚ್ಚಿನ ಪುಟವನ್ನು ಯಂತ್ರ ಓದುವಾಗ ಅರ್ಕಾವೊತ್ತನ್ನು ಒಂಬತ್ತೆಂದು ಬಗೆಯುವುದುಂಟು, ‘ಧರ್ಮ’ವು ‘ಧಮ೯’ವಾಗುತ್ತದೆ. ಇದಾದರೂ ಕಣ್ಣಿಗೆ ಬೀಳುತ್ತದೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕುಳಿತರೆ ಭೇದವೇ ತೋರದು. ಆದರೆ ‘ಸಂಪುಟ’ವೆಂದು ಹುಡುಕಿದವನಿಗೆ ಪುಟದಲ್ಲಿರುವ ಪದವೇ ಸಿಕ್ಕುವುದಿಲ್ಲ. ಆದುದರಿಂದ ಓದಿ ನೋಡಿದರೆ ಸಾಲದು, ಹುಡುಕಿ ನೋಡಬೇಕು, ನಕಲು ಮಾಡಿ ಬೇರೆಡೆ ಇಟ್ಟು ನೋಡಬೇಕು. ಯೂನಿಕೋಡ್ ಕನ್ನಡಕ್ಕೆ 1991ರಲ್ಲಿಯೇ ಸ್ಥಾನವಿತ್ತಿತು. ಅನಂತರವೂ ಬಹುಕಾಲ ನಾವು ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಪ್ರಬಂಧಗಳು ಆ ಫಾಂಟಿಲ್ಲದೆಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೋರುತ್ತವೆ. ಹೊಸದುರ್ಗದ ಹಳ್ಳಿಯೊಂದರಲ್ಲಿ ಮೊಬೈಲಿನಲ್ಲಿ ಓದುವ ಹುಡುಗಿಗೆ ಅವು ಇದ್ದೂ ಇಲ್ಲದಂತೆ.

ಅಕ್ಷರ ಶುದ್ಧವಾದ ಮಾತ್ರಕ್ಕೆ ವಿಷಯ ಶುದ್ಧವೆನ್ನಲಾಗದು. ಚಂದ್ರವಳ್ಳಿಯ ಮಯೂರಶರ್ಮನ ಪ್ರಾಕೃತ ಶಾಸನವನ್ನು ಓದಿ ಪ್ರಕಟಿಸಿದವರು ಎಂ. ಎಚ್. ಕೃಷ್ಣ. ತ್ರೈಕೂಟ, ಆಭೀರ, ಪಲ್ಲವ ಮೊದಲಾದವರನ್ನು ಅವನು ಗೆದ್ದನೆಂಬುದು ಅವರ ಪಾಠದಿಂದ ಬಂದ ಮಾತು. ಸವೆದ ಆ ಬಂಡೆಯ ಈ ಪಾಠವನ್ನು ಮುಂದಿನ ವಿದ್ವಾಂಸರು ಸಂದೇಹಿಸಿದ್ದಾರೆ. ಜಾಲದ ಪುಟಗಳಲ್ಲಿ ಆ ವಿಜಯಗಳ ಪಟ್ಟಿ ಮಾತ್ರ ಉಳಿದು, ಸಂದೇಹ ಬಿದ್ದುಹೋಗಿರುವುದನ್ನು ಕಾಣುತ್ತೇವೆ. ಒಂದನ್ನು ನೋಡಿ ಇನ್ನೊಂದು ನಕಲಾದಾಗ ಹತ್ತು ಪುಟಗಳು ಹೇಳಿದರೂ ಸಾಕ್ಷಿ ಒಂದೇ. ಒಂದೇ ಮೂಲದ ಹತ್ತು ಓಲೆಪ್ರತಿಗಳನ್ನು ಸಂಪಾದಕ ಹತ್ತೆಂದು ಎಣಿಸುವನೆ?

ಕನ್ನಡ ವಿಕಿಪೀಡಿಯದಲ್ಲಿ ಯಾವ ತಿದ್ದುಪಡಿ ಎಂದು ಆಯಿತೆಂಬ ದಾಖಲೆಯಾದರೂ ಉಳಿಯುತ್ತದೆ. ಅಚ್ಚಿನ ಎಷ್ಟೋ ಪುಸ್ತಕಗಳಿಗೆ ಈ ಸೌಜನ್ಯವಿಲ್ಲವೆಂಬುದನ್ನೂ ಒಪ್ಪಬೇಕು.

ಪಠ್ಯಕ್ರಮ ಮುಗಿಸಲು ವೇಳೆಯಿಲ್ಲವೆಂದು ಸಹೋದ್ಯೋಗಿಗಳು ಹೇಳಬಹುದು. ಹೇಗೂ ನಿಯೋಜಿತ ಬರಹಗಳನ್ನು ಬರೆಸುತ್ತೇವೆ, ಅವು ಹೇಗೆ ಸಿದ್ಧವಾಗುತ್ತವೆಂಬುದೂ ನಮಗೆ ಗೊತ್ತು. ಅವುಗಳ ಬದಲು ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳ ವಿದ್ಯಾರ್ಥಿಗಳು ತಮ್ಮ ತಾಲ್ಲೂಕಿನ ಒಂದೊಂದು ಶಾಸನವನ್ನು ಆಯ್ದುಕೊಂಡು, ಜಾಲದ ಪಾಠವನ್ನು ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೊಂದನೆಯ ಸಂಪುಟದೊಡನೆ ಅಕ್ಷರಶಃ ಹೋಲಿಸಲಿ, ಸಾಧ್ಯವಾದರೆ ಕಲ್ಲಿನ ಬಳಿಗೂ ಹೋಗಿಬರಲಿ. ಕಂಡ ವ್ಯತ್ಯಾಸಗಳನ್ನು ದಿನಾಂಕಸಹಿತ ಬರೆದಿಡಲಿ. ಅಂಕಗಳನ್ನು ಅದಕ್ಕೇ ಕೊಡೋಣ.