ಕಡಲಾಚೆಯ ಯುದ್ಧ, ಮನೆಯೊಳಗಿನ ಪಕ್ಷ

‘ಪಕ್ಷ’ವೆಂಬ ಶಬ್ದಕ್ಕೆ ರೆಕ್ಕೆ ಎಂಬ ಅರ್ಥವೂ ಉಂಟು. ರೆಕ್ಕೆ ಎರಡಿದ್ದರೆ ತಾನೆ ಹಕ್ಕಿಗೆ ಹಾರಾಟ? ಆದರೆ 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಕುಳಿತು ಅಮೆರಿಕದ ಸಂವಿಧಾನವನ್ನು ರಚಿಸಿದ ಹಿರಿಯರು ಹಾಗೆ ಭಾವಿಸಿದವರಲ್ಲ. ಅವರ ದೃಷ್ಟಿಯಲ್ಲಿ ರಾಜಕೀಯ ಪಕ್ಷವೆಂಬುದು ಗಣರಾಜ್ಯದ ದೇಹಕ್ಕೆ ತಗಲುವ ಒಂದು ವ್ಯಾಧಿ. ಅವರ ಸಂವಿಧಾನದಲ್ಲಿ ಪಕ್ಷದ ಹೆಸರೇ ಇಲ್ಲ. ಅಂಥ ದೇಶದಲ್ಲಿ ಹತ್ತು ವರ್ಷ ತುಂಬುವುದರೊಳಗಾಗಿ ಎರಡು ಪಕ್ಷಗಳು ತಲೆಯೆತ್ತಿ, ಒಂದರ ಮುಖವನ್ನೊಂದು ನೋಡಲಾರದಷ್ಟು ಹಗೆಯನ್ನು ಬೆಳೆಸಿಕೊಂಡವು. ಕಿಡಿ ಮನೆಯೊಳಗಿನದೇ, ಗಾಳಿ ಬೀಸಿದ್ದು ಮಾತ್ರ ಅಟ್ಲಾಂಟಿಕ್ ಸಾಗರದಾಚೆಯಿಂದ.

ಕಿಡಿಯ ಮಾತನ್ನು ಬೇಗ ಮುಗಿಸಿಬಿಡಬಹುದು. ಅಧ್ಯಕ್ಷ ವಾಷಿಂಗ್ಟನ್ನನ ಮಂತ್ರಿಮಂಡಲದಲ್ಲಿ ಹಣಕಾಸಿಗೆ ಹ್ಯಾಮಿಲ್ಟನ್, ವಿದೇಶಾಂಗಕ್ಕೆ ಜೆಫರ್ಸನ್. ರಾಷ್ಟ್ರದ ಸಾಲ ಹಾಗೂ ರಾಷ್ಟ್ರೀಯ ಬ್ಯಾಂಕು ಇವುಗಳ ವಿಷಯವಾಗಿ ಇಬ್ಬರಿಗೂ ಸರಿಬೀಳಲಿಲ್ಲ. ಹ್ಯಾಮಿಲ್ಟನ್ನನ ಕಡೆಯವರು ಫೆಡರಲಿಸ್ಟರೆನಿಸಿದರು. ಜೆಫರ್ಸನ್ ಮತ್ತು ಅವನ ಗೆಳೆಯ ಮ್ಯಾಡಿಸನ್ ಇವರ ಕಡೆಯವರು ರಿಪಬ್ಲಿಕನ್ನರೆನಿಸಿದರು. (ಇಂದು ಅದೇ ಹೆಸರಿನಿಂದ ಕರೆಯಿಸಿಕೊಳ್ಳುವ ಪಕ್ಷ ಇದಲ್ಲ, ಅದು ಹುಟ್ಟಿದ್ದು 1854ರಲ್ಲಿ.) ಇಷ್ಟೇ ಆಗಿದ್ದರೆ ಅದು ಲೆಕ್ಕಪತ್ರದ ಜಗಳವಾಗಿಯೇ ಉಳಿಯುತ್ತಿತ್ತೋ ಏನೋ. ಬ್ಯಾಂಕಿನ ಸನ್ನದಿಗಾಗಿ ಜನರು ಬೀದಿಗಿಳಿದು ಕಲ್ಲೆಸೆಯುವುದು ಅಪರೂಪ.

1793ರ ಜನವರಿಯಲ್ಲಿ ಫ್ರೆಂಚ್ ಕ್ರಾಂತಿಕಾರರು ತಮ್ಮ ದೊರೆಯ ಶಿರಚ್ಛೇದ ಮಾಡಿದರು. ಫೆಬ್ರವರಿಯ ಮೊದಲ ದಿನವೇ ಇಂಗ್ಲೆಂಡಿನ ಮೇಲೆ ಯುದ್ಧ ಸಾರಿದರು. ಅಮೆರಿಕಕ್ಕೆ ಧರ್ಮಸಂಕಟ ಒದಗಿತು. ಸ್ವಾತಂತ್ರ್ಯ ಸಮರದಲ್ಲಿ ನೆರವಿತ್ತ ಫ್ರಾನ್ಸಿನೊಡನೆ 1778ರ ಮೈತ್ರಿಯ ಒಪ್ಪಂದವಿದೆ. ಆದರೆ ಬೊಕ್ಕಸ ತುಂಬುವುದು ಆಮದು ಸುಂಕದಿಂದ, ಆಮದಿನ ಬಹುಪಾಲು ಇಂಗ್ಲೆಂಡಿನಿಂದ. ಒಂದೆಡೆ ಋಣ, ಮತ್ತೊಂದೆಡೆ ಅನ್ನ. ವಾಷಿಂಗ್ಟನ್ ಏಪ್ರಿಲ್ 22ರಂದು ತಟಸ್ಥ ನೀತಿಯನ್ನು ಘೋಷಿಸಿದನು. ಘೋಷಣೆಯಲ್ಲಿ ತಟಸ್ಥವಾಗಿರುವುದು ಸುಲಭ, ಹೃದಯದಲ್ಲಿ ಕಷ್ಟ. ರಿಪಬ್ಲಿಕನ್ನರ ಕಣ್ಣಿಗೆ ಫ್ರಾನ್ಸಿನಲ್ಲಿ ನಡೆಯುತ್ತಿದ್ದುದು ತಮ್ಮ ಕ್ರಾಂತಿಯ ಎರಡನೆಯ ಅಂಕ. ಫೆಡರಲಿಸ್ಟರ ಕಣ್ಣಿಗೆ ಅದು ನಾಳೆ ತಮ್ಮ ಮನೆಬಾಗಿಲಿಗೂ ಬರಬಹುದಾದ ಪ್ರಳಯ.

ಈ ನಡುವೆ ಫ್ರಾನ್ಸಿನ ರಾಯಭಾರಿಯಾಗಿ ಮೂವತ್ತು ವರ್ಷದ ಝೆನೆ ಬಂದಿಳಿದನು. ಇವನ ಕಥೆಯನ್ನು ಯಾವ ಕಾದಂಬರಿಕಾರನೂ ಇಷ್ಟು ಸೊಗಸಾಗಿ ಕಟ್ಟಲಾರನು. ರಾಜಧಾನಿಗೆ ಬಂದು ಅಧ್ಯಕ್ಷನನ್ನು ಕಾಣುವ ಮೊದಲೇ, ದಕ್ಷಿಣದ ಚಾರ್ಲ್ಸ್‌ಟನ್ ಬಂದರಿನಲ್ಲಿಯೇ, ಇಂಗ್ಲಿಷ್ ಹಡಗುಗಳನ್ನು ಹಿಡಿಯುವಂತೆ ಖಾಸಗಿ ನೌಕೆಗಳಿಗೆ ಪರವಾನಗಿ ಹಂಚತೊಡಗಿದನು. ದಾರಿಯುದ್ದಕ್ಕೂ ಔತಣ, ಜಯಕಾರ. ಅವನಿಗೆ ತಲೆ ತಿರುಗಿದ್ದರೆ ಅಚ್ಚರಿಯೇನು? ಸರ್ಕಾರ ತಡೆದಾಗ, ಅಧ್ಯಕ್ಷನನ್ನು ಬಿಟ್ಟು ನೇರವಾಗಿ ಜನತೆಗೇ ಮೊರೆಯಿಡುವುದಾಗಿ ಬೆದರಿಸಿದನು. ಅವನನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂಬ ಮಾತಿಗೆ ಫ್ರಾನ್ಸಿನ ಮಿತ್ರನಾದ ಜೆಫರ್ಸನ್ನನೂ ಸಮ್ಮತಿಸಬೇಕಾಯಿತು. ಅಷ್ಟರಲ್ಲಿ ಪ್ಯಾರಿಸಿನಲ್ಲಿ ಅವನ ಗುಂಪು ಉರುಳಿಬಿದ್ದು, ಹಿಂದಿರುಗಿದರೆ ತಲೆ ಉಳಿಯದೆಂಬ ಸ್ಥಿತಿ ಬಂದಿತು. ತಾನು ಅವಮಾನಿಸಿದ ವಾಷಿಂಗ್ಟನ್ನನಿಂದಲೇ ಆಶ್ರಯ ಪಡೆದು, ನ್ಯೂಯಾರ್ಕಿನ ಗವರ್ನರನ ಮಗಳನ್ನು ವರಿಸಿ, 1834ರಲ್ಲಿ ಸಾಯುವವರೆಗೆ ಅಲ್ಲಿಯೇ ಬೇಸಾಯ ಮಾಡಿಕೊಂಡಿದ್ದನು. ದೂತನಾಗಿ ಬಂದವನು ಅಳಿಯನಾಗಿ ಉಳಿದನು!

ಇಂಗ್ಲೆಂಡಾದರೂ ಸುಮ್ಮನಿರಲಿಲ್ಲ. ವೆಸ್ಟ್ ಇಂಡೀಸಿನ ಸಮುದ್ರದಲ್ಲಿ ಅಮೆರಿಕದ 250ಕ್ಕೂ ಮಿಕ್ಕ ಹಡಗುಗಳನ್ನು ಹಿಡಿಯಿತು. ಯುದ್ಧವನ್ನು ತಪ್ಪಿಸಲು ಲಂಡನ್ನಿಗೆ ಹೋದ ಜಾನ್ ಜೇ 1794ರಲ್ಲಿ ಒಂದು ಒಪ್ಪಂದವನ್ನು ತಂದನು. ನಮ್ಮ ದೇಶದಲ್ಲಿದ್ದ ಇಂಗ್ಲಿಷರ ಬಂದರುಗಳಲ್ಲಿ ಅಮೆರಿಕದ ಹಡಗುಗಳು ವ್ಯಾಪಾರ ಮಾಡಬಹುದೆಂಬ ಅಂಶವೂ ಅದರಲ್ಲಿತ್ತು. ಆದರೆ ಇಂಗ್ಲೆಂಡಿಗೆ ತಲೆಬಾಗಿದಂತಾಯಿತೆಂದು ಜನ ಕೆರಳಿದರು. ಊರೂರಿನಲ್ಲಿ ಜೇಯ ಪ್ರತಿಕೃತಿಗಳು ಬೆಂಕಿಗೆ ಬಿದ್ದವು. ಅದರ ಪರವಾಗಿ ಮಾತನಾಡಹೋದ ಹ್ಯಾಮಿಲ್ಟನ್ನನಿಗೆ ನ್ಯೂಯಾರ್ಕಿನಲ್ಲಿ ಕಲ್ಲೇಟು ಬಿದ್ದಿತು. ಸೆನೆಟ್ಟಿನಲ್ಲಿ ಒಪ್ಪಂದದ ಪರ 20, ವಿರುದ್ಧ 10 ಮತಗಳು. ಬೇಕಾದ ಮೂರನೆಯ ಎರಡು ಭಾಗ ಅಷ್ಟಕ್ಕಷ್ಟೇ ದೊರೆಯಿತು. ಅಂದಿನಿಂದ ಒಂದು ಪಕ್ಷ ಇನ್ನೊಂದನ್ನು ‘ಇಂಗ್ಲೆಂಡಿನ ಕೈಗೊಂಬೆ’ ಎಂದರೆ, ಆ ಇನ್ನೊಂದು ಇದನ್ನು ‘ಫ್ರಾನ್ಸಿನ ಗುಲಾಮ’ ಎಂದಿತು. ನನಗೆ ತೋರುವಂತೆ ಎರಡೂ ಸುಳ್ಳು. ಇಬ್ಬರಲ್ಲಿ ಯಾರೂ ದೇಶವನ್ನು ಮಾರುವವರಾಗಿರಲಿಲ್ಲ. ಆದರೆ ಎದುರಾಳಿ ಮಾರಿಯಾನೆಂದು ಇಬ್ಬರೂ ಪ್ರಾಮಾಣಿಕವಾಗಿಯೇ ನಂಬಿದ್ದರು. ಅಪಾಯವಿದ್ದುದು ಆ ಪ್ರಾಮಾಣಿಕತೆಯಲ್ಲಿಯೇ.

ಅಪಾಯ 1798ರಲ್ಲಿ ಬಯಲಿಗೆ ಬಂದಿತು. ಆಗ ಫೆಡರಲಿಸ್ಟನಾದ ಆಡಮ್ಸ್ ಅಧ್ಯಕ್ಷ. ಅಂದಿನ ಚುನಾವಣೆಯ ವಿಚಿತ್ರ ನಿಯಮದಿಂದಾಗಿ ಅವನ ಎದುರಾಳಿ ಜೆಫರ್ಸನ್ನನೇ ಉಪಾಧ್ಯಕ್ಷ. ಪ್ಯಾರಿಸಿಗೆ ಕಳುಹಿಸಿದ ಸಂಧಾನಕಾರರಿಂದ ಫ್ರೆಂಚ್ ಮಂತ್ರಿ ತಾಲಿರಾನನ ದಳ್ಳಾಳಿಗಳು ಲಂಚ ಬೇಡಿದ ಸುದ್ದಿ ಹೊರಬಿದ್ದೊಡನೆ ದೇಶ ಕುದಿಯಿತು. ಕಡಲಿನ ಮೇಲೆ ಘೋಷಣೆಯಿಲ್ಲದ ಯುದ್ಧವೇ ನಡೆಯಿತು. ಆ ಬಿಸಿಯಲ್ಲಿ ಫೆಡರಲಿಸ್ಟರು ರಾಜದ್ರೋಹದ ಕಾನೂನನ್ನು ಮಾಡಿದರು. ಸರ್ಕಾರ, ಶಾಸನಸಭೆ ಅಥವಾ ಅಧ್ಯಕ್ಷರ ಮೇಲೆ ಸುಳ್ಳು ನಿಂದೆಯನ್ನು ಅಚ್ಚುಹಾಕಿಸಿದರೆ 2000 ಡಾಲರುಗಳವರೆಗೆ ದಂಡ, ಎರಡು ವರ್ಷಗಳವರೆಗೆ ಸೆರೆ. ಉಪಾಧ್ಯಕ್ಷನನ್ನು ಮಾತ್ರ ಎಷ್ಟು ಬೇಕಾದರೂ ಬೈಯಬಹುದು. ಅವನ ಹೆಸರನ್ನು ಕಾನೂನಿಗೆ ಸೇರಿಸಿರಲಿಲ್ಲ! ವರ್ಮಾಂಟ್ ರಾಜ್ಯದ ಪ್ರತಿನಿಧಿ ಮ್ಯಾಥ್ಯೂ ಲಯನ್, ಅಧ್ಯಕ್ಷನ ಆಡಂಬರವನ್ನು ಹಳಿದ ತಪ್ಪಿಗಾಗಿ ನಾಲ್ಕು ತಿಂಗಳ ಸೆರೆಯನ್ನೂ 1000 ಡಾಲರ್ ದಂಡವನ್ನೂ ಅನುಭವಿಸಿದನು. ಸೆರೆಮನೆಯಲ್ಲಿದ್ದಾಗಲೇ ಮತದಾರರು ಅವನನ್ನು ಮತ್ತೆ ಆರಿಸಿದರು.

ಅದೇ ವರ್ಷ ನಮ್ಮ ನಾಡಿನ ಮೇಲೂ ಆ ಯುದ್ಧದ ನೆರಳು ಬಿದ್ದಿತ್ತೆಂಬುದನ್ನು ವಾಚಕರು ನೆನೆಯಬೇಕು. ಟಿಪ್ಪುವಿನ ನೆರವಿಗೆ ಸ್ವಯಂಸೇವಕರು ಬೇಕೆಂದು 1798ರ ಜನವರಿಯಲ್ಲಿ ಮಾರಿಷಸ್ಸಿನ ಫ್ರೆಂಚ್ ಗವರ್ನರನು ಡಂಗುರ ಹೊಡೆದನು. ಅದನ್ನೇ ನೆಪಮಾಡಿಕೊಂಡ ವೆಲ್ಲೆಸ್ಲಿಯ ಸೈನ್ಯದೆದುರು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅಲ್ಲಿ ‘ಫ್ರೆಂಚರ ಮಿತ್ರ’ನೆಂಬ ಹೆಸರಿಗೆ ಸೆರೆಮನೆ, ಇಲ್ಲಿ ರಾಜ್ಯನಾಶ.

ಇನ್ನು ಆಡಮ್ಸನ ಮಾತು. ಯುದ್ಧ ಮುಂದುವರಿದಷ್ಟೂ ಅವನ ಪಕ್ಷಕ್ಕೆ ಲಾಭ. ಆದರೂ ಅವನು ಸ್ವಪಕ್ಷದ ಪ್ರಮುಖರ ಕೋಪವನ್ನು ಲೆಕ್ಕಿಸದೆ ಸಂಧಾನಕ್ಕೆ ದೂತರನ್ನು ಕಳುಹಿಸಿದನು; 1800ರ ಸೆಪ್ಟೆಂಬರಿನಲ್ಲಿ ಶಾಂತಿಯಾಯಿತು. ಹ್ಯಾಮಿಲ್ಟನ್ ಸ್ವಪಕ್ಷದ ಅಧ್ಯಕ್ಷನ ವಿರುದ್ಧವೇ ಹೊತ್ತಗೆ ಬರೆದನು, ಪಕ್ಷ ಒಡೆಯಿತು, ಚುನಾವಣೆಯಲ್ಲಿ ಆಡಮ್ಸ್ ಸೋತನು. ಆ ಕಾಲದ ಹಲವು ದೊಡ್ಡ ಮಾತುಗಳಿಗಿಂತ ಈ ಸೋಲೇ ನನಗೆ ದೊಡ್ಡದಾಗಿ ಕಾಣುತ್ತದೆ. ಜೆಫರ್ಸನ್ ಅಧಿಕಾರಕ್ಕೆ ಬಂದನು. ಸೋತವರು ಬಂಡೇಳದೆ ಕೆಳಗಿಳಿದರು. ರಾಜದ್ರೋಹದ ಕಾನೂನು ಅವಧಿ ತೀರಿ ಸತ್ತಿತು.

ಯೂರೋಪಿನ ಯುದ್ಧ ಮಾತ್ರ ಸಾಯಲಿಲ್ಲ. 1812ರಲ್ಲಿ ರಿಪಬ್ಲಿಕನ್ನರೇ ಇಂಗ್ಲೆಂಡಿನ ಮೇಲೆ ಯುದ್ಧ ಹೂಡಿದರು. ಫೆಡರಲಿಸ್ಟ್ ಸದಸ್ಯರಲ್ಲಿ ಒಬ್ಬನೂ ಅದಕ್ಕೆ ಮತ ಕೊಡಲಿಲ್ಲ. ಕಡಲ ವ್ಯಾಪಾರ ಮುರಿದು ಕಂಗೆಟ್ಟ ನ್ಯೂ ಇಂಗ್ಲೆಂಡಿನ ಫೆಡರಲಿಸ್ಟರು 1814ರ ಡಿಸೆಂಬರಿನಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಬಾಗಿಲು ಮುಚ್ಚಿ ಸಭೆ ಸೇರಿ, ಸಂವಿಧಾನದ ತಿದ್ದುಪಡಿಗಳ ಬೇಡಿಕೆಯನ್ನು ಸಿದ್ಧಪಡಿಸಿದರು. ಅದನ್ನು ಹಿಡಿದು ರಾಜಧಾನಿಗೆ ಹೊರಟವರಿಗೆ, ನ್ಯೂ ಆರ್ಲಿಯನ್ಸಿನಲ್ಲಿ ಜಾಕ್ಸನ್ ಗೆದ್ದ ಸುದ್ದಿಯೂ ಗೆಂಟ್ ನಗರದಲ್ಲಿ ಶಾಂತಿಗೆ ರುಜು ಬಿದ್ದ ಸುದ್ದಿಯೂ ಒಂದರ ಹಿಂದೊಂದು ಎದುರಾದವು. ಬೀದಿಗಳಲ್ಲಿ ಉತ್ಸವ, ಕೈಯಲ್ಲಿ ದೂರಿನ ಓಲೆ. ದ್ರೋಹಿಗಳೆಂಬ ಹೆಸರು ಈ ಸಲ ಅವರಿಗೆ ಅಂಟಿತು. ಅವರು ಓಲೆಯನ್ನು ಒಪ್ಪಿಸದೆಯೇ ಹಿಂದಿರುಗಿದರು. 1820ರ ಅಧ್ಯಕ್ಷ ಚುನಾವಣೆಗೆ ಅವರ ಪಕ್ಷದಿಂದ ನಿಲ್ಲುವವರೇ ಇರಲಿಲ್ಲ.