ಕಲ್ಲಿಗೆ ಟೇಪು, ಜನಕ್ಕೆ ಬುಲ್ಡೋಜರು

ಹಂಪಿ ಬಜಾರಿಗೆ ಯಾವಾಗ ಹೋದರೂ ಆರ್ಕಿಟೆಕ್ಚರ್ ಓದುವ ಹುಡುಗ ಹುಡುಗಿಯರು ಕಾಣುತ್ತಾರೆ. ಟೇಪು ಹಿಡಿದು ಕಂಬ ಅಳೆಯುತ್ತಾರೆ, ಕೂತು ಚಿತ್ರ ಬರೆಯುತ್ತಾರೆ. ಮಾತಿಗೆಳೆದರೆ ಜನದಟ್ಟಣೆ, ಸುಸ್ಥಿರತೆ ಅನ್ನುತ್ತಾರೆ. ಕಾರ್ಖಾನೆ ಮುಚ್ಚಿದ ಊರುಗಳಲ್ಲಿ ಹಳೇ ಕಟ್ಟಡ ಕೆಡವದೆ, ಕಡಿಮೆ ಜಾಗದಲ್ಲಿ ಹೆಚ್ಚು ಜನ ಬದುಕುವುದು ಹೇಗೆ ಎಂಬುದು ಅವರ ಪಾಠ. ಒಳ್ಳೇ ಪಾಠವೇ. ಆದರೆ ಆ ಪಾಠ ಅವರು ನಿಂತ ಬೀದಿಯಲ್ಲೇ ಇತ್ತು.

ವಿರೂಪಾಕ್ಷ ಗುಡಿಯಿಂದ ನಂದಿಯವರೆಗೆ ಮುಕ್ಕಾಲು ಕಿಲೋಮೀಟರು. ಎರಡೂ ಕಡೆ ಅರಸರ ಕಾಲದ ಕಲ್ಲುಮಂಟಪ. ಬಡವರು ಕಂಬಗಳ ನಡುವೆ ಗೋಡೆ ಎಬ್ಬಿಸಿ ಸಂಸಾರ ಹೂಡಿದರು. ಹಿಂದೆ ಮನೆ, ಮುಂದೆ ಅಂಗಡಿ, ಖಾನಾವಳಿ. ಕೆಲಸಕ್ಕೆ ಹೋಗಲು ಬಸ್ಸು ಬೇಡ, ಪೆಟ್ರೋಲು ಬೇಡ. ಇದಕ್ಕಿಂತ ಸುಸ್ಥಿರತೆ ಇನ್ಯಾವುದು? 1986ರಲ್ಲಿ ಹಂಪಿ ಯುನೆಸ್ಕೋ ಪಟ್ಟಿ ಸೇರಿತು. 2011ರ ಜುಲೈನಲ್ಲಿ ಬುಲ್ಡೋಜರು ಬಂತು. 300ಕ್ಕೂ ಹೆಚ್ಚು ಕುಟುಂಬ ಎತ್ತಂಗಡಿ. ಕಡ್ಡಿರಾಂಪುರದಲ್ಲಿ ನಿವೇಶನ ಕೊಡ್ತೀವಿ ಅಂದರು. ನಿವೇಶನವೇನೋ ಸರಿ, ಗುಡಿಗೆ ಬರುವ ಗಿರಾಕಿಯನ್ನು ಅಲ್ಲಿಗೆ ಕರಕೊಂಡು ಬರೋರು ಯಾರು?

ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿತು. ಸಂಡೂರಿನ ಗುಡ್ಡ ಉಳಿಯಲೇಬೇಕು. ಹಂಪಿಯ ಮಂಟಪವೂ ಉಳಿಯಲೇಬೇಕು. ಆದರೆ ಗುಡ್ಡ ನುಂಗಿದವರು ಒಬ್ಬರು, ಕೂಲಿ ಕಳಕೊಂಡವರು ಇನ್ನೊಬ್ಬರು. ಉಳಿಸುವ ಲೆಕ್ಕದಲ್ಲಿ ಕೂಲಿಯವನ ಹೆಸರೇ ಇಲ್ಲವೆಂದರೆ ಅದೆಂಥ ಸುಸ್ಥಿರತೆ?

ಹಾಗಂತ ಬಜಾರು ಸ್ವರ್ಗವಾಗಿತ್ತು ಎಂದು ನಾವು ಹೇಳುವುದಿಲ್ಲ. ಇಕ್ಕಟ್ಟಿನ ಬದುಕು ನಮಗೆ ಗೊತ್ತು. ಊರನ್ನು ವಿಶಾಲವಾಗಿ ಕಟ್ಟಿಕೊಂಡವರು ನಮ್ಮನ್ನು ಹೊರಗಿಟ್ಟು, ಗೇಣು ಜಾಗದಲ್ಲಿ ಕೇರಿ ತುಂಬಿದರು. ನಾಲ್ಕು ಜನರ ಹಾಸ್ಟೆಲ್ ಕೋಣೆಯಲ್ಲಿ ಹತ್ತು ಜನ ಮಲಗಿ ಓದಿದವರು ನಾವು. ಇಷ್ಟಪಟ್ಟು ಒತ್ತೊತ್ತಾಗಿ ಬದುಕಿದರೆ ಅದು ನಗರ. ಬಲವಂತಕ್ಕೆ ಬದುಕಿದರೆ ಕೇರಿ. ಈ ಫರಕನ್ನು ಟೇಪು ಅಳೆಯುವುದಿಲ್ಲ. ಇದರ ಹೆಸರು ಜಾತಿ.

ಆರ್ಕಿಟೆಕ್ಚರ್ ಗೆಳೆಯರೆ, ನಿಮ್ಮ ನಕ್ಷೆಯಲ್ಲಿ ಕಂಬದ ಜೊತೆ ಅಲ್ಲಿ ಉರಿದ ಒಲೆಯನ್ನೂ ಗುರುತು ಮಾಡಿ. ಕಡ್ಡಿರಾಂಪುರಕ್ಕೂ ಹೋಗಿ, ಜನರನ್ನು ಕೇಳಿ.

ಹಾಸ್ಟೆಲಿನ ತಮ್ಮಂದಿರೆ, ತಂಗಿಯರೆ, ನಿಮಗೂ ಒಂದು ಮಾತು. ಆ ಕಾಲೇಜುಗಳಲ್ಲಿ ಬಾಬಾಸಾಹೇಬರ ಸಂವಿಧಾನ ಕೊಟ್ಟ ಸೀಟು ನಿಮಗಿದೆ. ಹೋಗಿ ಕೂತುಕೊಳ್ಳಿ. ಕಲ್ಲು ಹೊತ್ತ ಬೆನ್ನು ನಮ್ಮದು. ನಕ್ಷೆ ಬರೆಯುವ ಕೈಯೂ ನಮ್ಮದಾಗಲಿ.

ಜೈಭೀಮ್.